ಚೌಳುಮಣ್ಣು, ನನ್ನ ಹಲ್ಲು ಮತ್ತು ಮ್ವಾಸಾನ್

ಹಿರಿಯೂರು ಪಕ್ಕದ ನಮ್ಮ ಹಳ್ಳಿ ಶಾಲೆಯ ಗ್ರೂಪ್ ಫೋಟೋ ಮೊನ್ನೆ ಕೈಗೆ ಸಿಕ್ತು. ನಾನೂ ಸೇರಿ ಅರ್ಧ ಹುಡುಗರು ಬಾಯಿ ಬಿಗಿಹಿಡಿದು ನಿಂತಿದ್ದೇವೆ. ಶಿಸ್ತಲ್ಲ ಸ್ವಾಮೀ, ಹಲ್ಲಿನ ಮೇಲಿನ ಕಂದು ಪಟ್ಟಿ! ಬೋರ್‌ವೆಲ್ ನೀರಿನ ಫ್ಲೋರೈಡು ಕೊಟ್ಟ ಗುರುತು.

ಅದೇ ಶಾಲೆಯಲ್ಲಿ ಆವರ್ತ ಕೋಷ್ಟಕ ಉರುಹೊಡೆದಿದ್ದೆವು. ಎಡತುದಿಯಲ್ಲಿ ಕ್ಷಾರಲೋಹಗಳು, ಬಲಕ್ಕೆ ಹ್ಯಾಲೊಜನ್‌ಗಳು. ಎರಡರಲ್ಲೂ ಕೆಳಗಿಳಿದಂತೆ ಪರಮಾಣು ದೊಡ್ಡದಾಗುತ್ತೆ, ಹೊರ ಎಲೆಕ್ಟ್ರಾನಿನ ಮೇಲೆ ನ್ಯೂಕ್ಲಿಯಸ್ಸಿನ ಹಿಡಿತ ಸಡಿಲವಾಗುತ್ತೆ. ಕ್ಷಾರಲೋಹಗಳದು ಎಲೆಕ್ಟ್ರಾನ್ ಕೊಡುವ ಮನೆತನ, ಹಾಗಾಗಿ ಕೆಳಗಿನ ಸೀಸಿಯಂ ಮಹಾ ರೌದ್ರ. ಹ್ಯಾಲೊಜನ್‌ಗಳದು ಕಸಿಯುವ ಮನೆತನ. ಅಲ್ಲಿ ಮೇಲೆ ಕೂತ ಪುಟ್ಟ ಫ್ಲೋರಿನ್ನೇ ರೌದ್ರ, ಕೆಳಗಿನ ಅಯೋಡಿನ್ ಸಾಧು. ಕಾರಣ ಒಂದೇ, ಫಲ ಮಾತ್ರ ತಿರುಗಾಮುರುಗಾ. ಆಗ ಇದನ್ನು ಯಾರೂ ಹೀಗೆ ಹೇಳಲಿಲ್ಲ ಬಿಡಿ.

ಚರಿತ್ರೆಯಲ್ಲೂ ಇದರ ನೆರಳಿದೆ. 1807ರಲ್ಲಿ ಹಂಫ್ರಿ ಡೇವಿ ಕರಗಿಸಿದ ಪೊಟ್ಯಾಶಿಗೆ ವಿದ್ಯುತ್ ಹಾಯಿಸಿ ಪೊಟ್ಯಾಸಿಯಂ ಪಡೆದ, ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ. ಅಯೋಡಿನ್ 1811ರಲ್ಲೇ ಕಡಲಪಾಚಿಯ ಬೂದಿಯಲ್ಲಿ ಸಿಕ್ಕಿತು. ಸೀಸಿಯಂ ಇದೆ ಅಂತ 1860ರಲ್ಲಿ ಗೊತ್ತಾದರೂ ಲೋಹವಾಗಿ ಕೈಗೆ ಬಂದದ್ದು 1882ರಲ್ಲಿ. ಫ್ಲೋರಿನ್ನಂತೂ ಯಾರಿಗೂ ಬಗ್ಗಲಿಲ್ಲ. ಡೇವಿಯೂ ಸೋತ, ಬೆಲ್ಜಿಯಂನ ಲೂಯೆಟ್ ಪ್ರಾಣವನ್ನೇ ಕಳೆದುಕೊಂಡ. ಕೊನೆಗೆ 1886ರ ಜೂನ್ 26ರಂದು ಪ್ಯಾರಿಸ್ಸಿನಲ್ಲಿ ಆನ್ರಿ ಮ್ವಾಸಾನ್ ಗೆದ್ದ (1906ರಲ್ಲಿ ನೊಬೆಲ್ ಬಂತು). ಶುದ್ಧ ಹೈಡ್ರೊಜನ್ ಫ್ಲೋರೈಡಿನಲ್ಲಿ ವಿದ್ಯುತ್ ಹರಿಯೋದಿಲ್ಲ. ಮ್ವಾಸಾನ್ ಅದಕ್ಕೆ ಬೆರೆಸಿದ್ದು ಏನು ಗೊತ್ತಾ? ಪೊಟ್ಯಾಸಿಯಂ ಲವಣ! ಎದುರು ಮನೆತನದವನೇ ಬಂದು ಬಾಗಿಲು ತೆಗೆದ ಹಾಗೆ.

ನಮ್ಮೂರಲ್ಲೂ ಹೀಗೇ ಒಂದು ಜೋಡಿ ಇದೆ. ನೆಲದೊಳಗಿನ ಬಂಡೆ ನೀರಿಗೆ ಫ್ಲೋರೈಡ್ ಬಿಡುತ್ತೆ. ಕ್ಯಾಲ್ಸಿಯಂ ಸಾಕಷ್ಟಿದ್ದರೆ ಅದನ್ನು ಹಿಡಿದು ತಳಕ್ಕೆ ಕೂರಿಸುತ್ತೆ. ಆದರೆ ಮಳೆ ಕಾಣದ ಚೌಳು ನೆಲದಲ್ಲಿ ಸೋಡಿಯಂ ಬೈಕಾರ್ಬನೇಟಿನದೇ ದರ್ಬಾರು, ಕ್ಯಾಲ್ಸಿಯಂ ತಾನೇ ಸುಣ್ಣಕಲ್ಲಾಗಿ ಕೂತುಬಿಡುತ್ತೆ. ಫ್ಲೋರೈಡನ್ನು ಹಿಡಿಯೋರು ಯಾರು? ಅದು ಕಸಿದಾಗಿದೆ, ಸೋಡಿಯಂ ಕೊಟ್ಟಾಗಿದೆ, ಇಬ್ಬರೂ ತಣ್ಣಗೆ ನಮ್ಮ ಕೊಡದಲ್ಲಿ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕುತ್ತು, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಮೂಳೆಗೆ. ಅಜ್ಜಿ ಅದೇ ಚೌಳುಮಣ್ಣಲ್ಲಿ ಬಟ್ಟೆ ಒಗೆದು ಬೆಳ್ಳಗೆ ಮಾಡುತ್ತಿದ್ದಳು.

1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಡ್ಯಾಂ ಅಷ್ಟು ಹತ್ತಿರವಿದ್ದೂ ನಾವು ಕುಡಿದದ್ದು ಬೋರ್ ನೀರು. 1933ರ ನಂತರ 2022ರಲ್ಲಿ ಡ್ಯಾಂ ಕೋಡಿ ಬಿದ್ದಾಗ ನೋಡಲು ಹೋಗಿದ್ದೆ. ಮಗಳು ಫೋಟೋ ತೆಗೀತಾ "ಅಪ್ಪಾ, ಸ್ವಲ್ಪ ನಗು" ಅಂದಳು. ಎಂದಿನಂತೆ ತುಟಿ ಮುಚ್ಚಿಯೇ ನಕ್ಕೆ.