ಕವಳಕ್ಕೆ ಸುಣ್ಣ ಹಚ್ಚಿದ ಹಾಗೆ

1983ರಲ್ಲಿ ಹುಲೇಕಲ್ಲಿನ ರೇಡಿಯೋ ರಿಪೇರಿ ಅಂಗಡಿಗೆ ನಾನು ಕೆಲಸ ಕಲಿಯಲು ಸೇರಿದ ಮೊದಲ ವಾರವೇ ಒಂದು ಅನಾಹುತವಾಯಿತು. ಹಿರಿಯರೊಬ್ಬರು ತಮ್ಮ ರೇಡಿಯೋ ತಯಾರಾಗುವವರೆಗೆ ಬೆಂಚಿನ ಮೇಲೆ ಕೂತು ಎಲೆಯಡಿಕೆಯ ಕವಳಕ್ಕೆ ಅಣಿಮಾಡುತ್ತಿದ್ದರು. ಮೇಜಿನ ಮೇಲಿದ್ದ ಸುಣ್ಣದ ಡಬ್ಬಿ ಎಳೆದುಕೊಂಡು ಎಲೆಗೆ ಹಚ್ಚಿ ಬಾಯಿಗಿಟ್ಟರು. ಅದು ಸುಣ್ಣವಾಗಿರಲಿಲ್ಲ. ಹುಬ್ಬಳ್ಳಿಯಿಂದ ತಂದ ಹೀಟ್‌ಸಿಂಕ್ ಪೇಸ್ಟು, ಸಿಲಿಕೋನ್ ಎಣ್ಣೆಯಲ್ಲಿ ಸತುವಿನ ಆಕ್ಸೈಡ್ ಪುಡಿ ಕಲಸಿದ ಬಿಳಿ ಮುದ್ದೆ. ನಮ್ಮ ಗುರುಗಳು ಅದನ್ನು ಹಳೇ ಸುಣ್ಣದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಹಿರಿಯರು ಅಂಗಳಕ್ಕೆ ಓಡಿ ಉಗಿದು, ನಾಲ್ಕು ಚೊಂಬು ನೀರು ಮುಗಿಸಿ ಒಳಗೆ ಬಂದು ಕೇಳಿದ್ದು ಒಂದೇ: "ಇದನ್ನು ಹಚ್ಚಿದರೆ ರೇಡಿಯೋ ಹಾಡ್ತದೋ?"

ಹಾಡುವುದಕ್ಕೂ ಪೇಸ್ಟಿಗೂ ಸಂಬಂಧ ಅಷ್ಟಾಗಿ ಇರಲಿಲ್ಲ. ಬೆಂಗಳೂರಿನ ಬಿಇಎಲ್ ಕಾರ್ಖಾನೆ 1962ರಲ್ಲೇ ಜರ್ಮೇನಿಯಂ ಬಿಡಿಭಾಗಗಳನ್ನು ಮಾಡತೊಡಗಿತ್ತು. ನಮ್ಮಲ್ಲಿಗೆ ಬರುತ್ತಿದ್ದ ರೇಡಿಯೋಗಳಲ್ಲಿ ಎಸಿ187, ಎಸಿ188 ಎಂಬ ಜೋಡಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಇರುತ್ತಿದ್ದವು. ಧಾರವಾಡ ಆಕಾಶವಾಣಿಯ ವಾರ್ತೆ, ಹಾಡು ಕೇಳಿಸುವಷ್ಟು ಕೆಲಸಕ್ಕೆ ಅವುಗಳ ಮೈ ಬೆಚ್ಚಗಾಗುತ್ತಿತ್ತು ಅಷ್ಟೆ. ಒಂದು ತಗಡಿನ ಕ್ಲಿಪ್ಪು ಸಾಕಾಗುತ್ತಿತ್ತು.

ಪೇಸ್ಟಿನ ನಿಜವಾದ ಖರ್ಚು ಯಕ್ಷಗಾನದ ಕಾಲದಲ್ಲಿ. ಆಟಕ್ಕೆ ಬಾಡಿಗೆ ಹೋಗುವ ಆಂಪ್ಲಿಫಯರುಗಳ ಬೆನ್ನಿಗೆ 2ಎನ್3055 ಎಂಬ ಲೋಹದ ಟೊಪ್ಪಿಯ ಟ್ರಾನ್ಸಿಸ್ಟರು. ಅದರ ಮೈಯಲ್ಲೇ ಕರೆಂಟು ಇರುತ್ತದೆ, ಹಾಗಾಗಿ ಶಾಖ ಹೀರುವ ಅಲ್ಯುಮಿನಿಯಂ ಹೀಟ್‌ಸಿಂಕಿಗೆ ನೇರವಾಗಿ ತಾಗಿಸುವಂತಿಲ್ಲ. ನಡುವೆ ಅಭ್ರಕದ ತೆಳು ಹಾಳೆ ಇಡಬೇಕು. ಊರ ಮಕ್ಕಳು ಕಾಗೆ ಬಂಗಾರ ಎಂದು ಆಯ್ದು ಆಡುತ್ತಿದ್ದ ಅದೇ ಅಭ್ರಕ. ವಿದ್ಯುತ್ತನ್ನು ತಡೆದು ಶಾಖವನ್ನು ಒಂದಿಷ್ಟು ಬಿಡುತ್ತದೆ. ಹಾಳೆಯ ಎರಡೂ ಮಗ್ಗುಲಿಗೆ ಪೇಸ್ಟು. ಗುರುಗಳು ಹೇಳುತ್ತಿದ್ದರು: "ತಮಾ, ಕವಳದ ಎಲೆಗೆ ಸುಣ್ಣ ಹಚ್ಚಿದಂಗೆ ಹಚ್ಚು. ಗೋಡೆಗೆ ಬಳಿದಂಗಲ್ಲ."

ಅವರು ಲೆಕ್ಕ ಹೇಳಲಿಲ್ಲ, ಅದನ್ನು ನಾನು ಆಮೇಲೆ ಓದಿಕೊಂಡೆ. ಶಾಖ ಸಾಗಿಸುವ ಶಕ್ತಿಯನ್ನು ಒಂದೇ ಮಾನದಲ್ಲಿ ಅಳೆದರೆ ತಾಮ್ರಕ್ಕೆ ಸುಮಾರು 400, ಗಾಳಿಗೆ 0.026. ಬಿಳಿ ಪೇಸ್ಟಿಗೆ ಒಂದರ ಆಚೀಚೆ. ಗಾಳಿಯ ಮುಂದೆ ಅದು ದೊರೆ, ಲೋಹದ ಮುಂದೆ ತಿರುಕ. ನಯವಾಗಿ ಕಾಣುವ ಲೋಹದಲ್ಲೂ ಕಣ್ಣಿಗೆ ಕಾಣದ ಗುಂಡಿ ಗೊಟರುಗಳಿರುತ್ತವೆ. ಅಲ್ಲಿ ಕೂತ ಗಾಳಿಯನ್ನು ಹೊರದಬ್ಬುವುದಷ್ಟೇ ಪೇಸ್ಟಿನ ಕೆಲಸ. ದಪ್ಪ ಹಚ್ಚಿದರೆ ತಂಪಿನ ದಾರಿಗೆ ಅದೇ ಅಡ್ಡ. ನಮ್ಮ ಕಡೆ ಕವುಚಿದ ಮಡಕೆಯ ಮೇಲೆ ತೆಳ್ಳಗೆ ತೊಡೆದೇವು ಎರೆಯುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ನನಗೆ ಮಾತ್ರ ಕಲಿಯಲು ಒಂದು ರಾತ್ರಿ ಬೇಕಾಯಿತು. ಆಂಪ್ಲಿಫಯರೊಂದಕ್ಕೆ ಹೊಸ ಟ್ರಾನ್ಸಿಸ್ಟರು ಕೂರಿಸುವಾಗ ಸ್ಕ್ರೂ ತೂತಿನ ಅಂಚಿಗೆ ಎದ್ದಿದ್ದ ಲೋಹದ ಚೂರನ್ನು ಅರದಿಂದ ಉಜ್ಜಲಿಲ್ಲ. ಪೇಸ್ಟು ಜಾಸ್ತಿ ಹಾಕಿದರೆ ಮುಚ್ಚಿಹೋಗುತ್ತದೆ ಎಂಬ ಧೈರ್ಯ. ಬೆಳಗಿನ ಜಾವ ಮೂರರ ಹೊತ್ತಿಗೆ ಆ ಚೂರು ಅಭ್ರಕ ಕೊರೆದು ಆಂಪ್ಲಿಫಯರ್ ಸತ್ತಿತು. ಭಾಗವತರು ಬೆಳಗಿನವರೆಗೂ ಬರೀ ಗಂಟಲಿನಲ್ಲಿ ಪದ ಹೇಳಿದರು. ಚಂಡೆಗೇನು, ಅದಕ್ಕೆ ಎಂದೂ ಮೈಕು ಬೇಕಿರಲಿಲ್ಲ.

ಟೀವಿ ಕಾಲ ಹೀಗೇ ಕಳೆಯಿತು. ಅಲ್ಲೂ ಅಭ್ರಕ, ಅಲ್ಲೂ ಪೇಸ್ಟು. ಲ್ಯಾಪ್‌ಟಾಪು ಬಂದಾಗ ಅಭ್ರಕ ಹೋಯಿತು, ಪೇಸ್ಟು ಉಳಿಯಿತು, ಹೊಸ ಕಾಯಿಲೆಗಳೂ ಬಂದವು. ಗ್ರಾಫಿಕ್ಸ್ ಚಿಪ್ ತಯಾರಿಸುವ ದೊಡ್ಡ ಕಂಪನಿಯೊಂದು ತನ್ನ ಲ್ಯಾಪ್‌ಟಾಪ್ ಚಿಪ್ಪುಗಳ ದೋಷಕ್ಕಾಗಿ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ 2008ರ ಜುಲೈಯಲ್ಲಿ ಪ್ರಕಟಿಸಿತು. ಆಮೇಲೆ ಬಿಸಿಗಾಳಿ ಹೊಡೆದು ಸತ್ತ ಬೋರ್ಡು ಬದುಕಿಸುವ ವಿದ್ಯೆ ಎಲ್ಲ ಊರಿನ ರಿಪೇರಿಯವರಿಗೂ ಬಂತು. ನಾನೂ ಮಾಡಿದೆ. ಎರಡು ತಿಂಗಳಿಗೆ ಮತ್ತೆ ಸಾಯುತ್ತಿದ್ದವು. ಅದಕ್ಕೆ ದುಡ್ಡು ತೆಗೆದುಕೊಂಡಿದ್ದು ಈಗಲೂ ಮುಜುಗರ.

ಕೊರೋನಾ ಕಾಲದ 2020ರ ಮಳೆಗಾಲದಲ್ಲಿ ಬೆಂಗಳೂರಿನ ಕೆಲಸವನ್ನು ಜಗಲಿಗೆ ಹೊತ್ತು ತಂದ ಹುಡುಗರಿಂದ ನನ್ನ ಮೇಜು ತುಂಬಿತು. ಅಡಿಕೆ ಸುಲಿದ ಮನೆಯ ಧೂಳು, ಬೇಯಿಸುವ ಒಲೆಯ ಹೊಗೆ, ಮಳೆಯ ತಂಡಿ ಸೇರಿ ಫ್ಯಾನಿನ ಬಾಯಲ್ಲಿ ಕಂಬಳಿ ತುಂಡಿನಂಥದ್ದು ಗಟ್ಟಿಯಾಗಿರುತ್ತಿತ್ತು. ಒಬ್ಬ ಹುಡುಗನ ಲ್ಯಾಪ್‌ಟಾಪಿನ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು. "ಪೇಸ್ಟು ನಾನೇ ಹೊಸದು ಹಾಕಿದ್ದೆ ಮಾವ, ವಿಡಿಯೋ ನೋಡಿ" ಎಂದ.

ಬಿಚ್ಚಿದೆ. ನಡುವಿನ ಗ್ರಾಫಿಕ್ಸ್ ಚಿಪ್ಪಿನ ಅಚ್ಚು ಹೀಟ್‌ಸಿಂಕಿನ ತಾಮ್ರದ ಮೇಲೆ ಚೆನ್ನಾಗಿ ಬಿದ್ದಿತ್ತು. ಸುತ್ತಲಿನ ನಾಲ್ಕು ಮೆಮೊರಿ ಚಿಪ್ಪುಗಳ ಮೇಲೆ ಪೇಸ್ಟಿನ ಗುಡ್ಡೆ ಹಾಕಿದ ಹಾಗೇ ನಿಂತಿತ್ತು, ಯಾವುದೂ ಅದನ್ನು ಮುಟ್ಟಿರಲಿಲ್ಲ. ಆ ಚಿಪ್ಪುಗಳು ಗಿಡ್ಡ. ಅವುಗಳಿಗೂ ಮೇಲಿನ ಲೋಹಕ್ಕೂ ನಡುವೆ ಮಿಲಿಮೀಟರಿನಷ್ಟು ಸಂದು ಬಿಟ್ಟೇ ಮಾಡಿರುತ್ತಾರೆ. ಅದನ್ನು ತುಂಬಲು ಇದ್ದ ಮೆತ್ತನೆಯ ನೀಲಿ ಪ್ಯಾಡುಗಳನ್ನು ಹುಡುಗ ಹಳೇ ಗೋಂದು ಎಂದುಕೊಂಡು ಕೆರೆದು ಎಸೆದಿದ್ದ.

ಬೈಯಲು ನನಗೇನು ಅಧಿಕಾರ? ನಾನೂ ಮೊದಲು ಕೈಗೆ ಸಿಕ್ಕ ಒಂದೂವರೆ ಮಿಲಿಮೀಟರಿನ ಪ್ಯಾಡು ಹಾಕಿದೆ. ನಾಲ್ಕು ಮೂಲೆಗೂ ದಪ್ಪವಾಗಿ ಹೀಟ್‌ಸಿಂಕೇ ಮೇಲೆದ್ದು, ನಡುವಿನ ಚಿಪ್ಪು ಮೊದಲಿಗಿಂತ ಹೆಚ್ಚು ಕಾದಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಮಿಲಿಮೀಟರಿನದು ಬರಲು ಎಂಟು ದಿನ ಹಿಡಿಯಿತು. ಅಷ್ಟು ದಿನ ಹುಡುಗ ಫೋನು ಹಿಡಿದುಕೊಂಡು ಸಿಗ್ನಲ್ ಸಿಗುವ ಗುಡ್ಡದ ತಲೆಗೆ ಕೊಡೆ ಹೊತ್ತು ಹೋಗುತ್ತಿದ್ದ.

ಪ್ಯಾಡು ಕತ್ತರಿಸಿ ಮೆಮೊರಿ ಮೇಲಿಟ್ಟೆ. ನಡುವಿನ ಚಿಪ್ಪಿಗೆ ಪೇಸ್ಟು ಹಚ್ಚುವಾಗ ಬಗ್ಗಿ ನೋಡುತ್ತಿದ್ದ ಹುಡುಗ, "ಇಷ್ಟೇ ಸಾಕಾ ಮಾವ?" ಎಂದ. ಕವಳದ ತಟ್ಟೆಯನ್ನು ಅವನ ಕಡೆ ದೂಡಿ, ಒಂದು ಎಲೆಗೆ ಸುಣ್ಣ ಹಚ್ಚಿ ತೋರಿಸು ಎಂದೆ. ಅವನಿಗೆ ಅದು ಬರಲಿಲ್ಲ.