49 ಗ್ರಾಂ ಆಸಿಡ್‌ನ ಕಥೆ

ಹೋದ ವಾರ ಮಗಳು ಒಂದು ಲೆಕ್ಕ ಹಿಡ್ಕೊಂಡು ಬಂದ್ಲು. 500 ಎಂಎಲ್, 0.1 ನಾರ್ಮಲ್ ಸಲ್ಫ್ಯೂರಿಕ್ ಆಸಿಡ್ ದ್ರಾವಣದಲ್ಲಿ ಆಸಿಡ್ ಎಷ್ಟು ಗ್ರಾಂ? ನಾರ್ಮಾಲಿಟಿ, ಈಕ್ವಿವಲೆಂಟ್ ತೂಕ, ಲೀಟರ್ ಮೂರನ್ನೂ ಗುಣಿಸಿದ್ರೆ ಆಯ್ತು: 0.1 × 49 × 0.5 = 2.45 ಗ್ರಾಂ. ಪಿಯುಸಿ ಕೆಮಿಸ್ಟ್ರಿ ಇನ್ನೂ ತಲೇಲಿದೆ ಅಂತ ನಾನು ಬೀಗೋ ಹೊತ್ತಿಗೆ ಅವಳು ಕೇಳಿದ್ಲು, "ಅಪ್ಪಾ, ಮೋಲ್ ಇರುವಾಗ ಈ 49 ಯಾಕೆ?"

ಒಳ್ಳೇ ಪ್ರಶ್ನೆ. ಅದಕ್ಕೆ 19ನೇ ಶತಮಾನದ ಯುರೋಪಿಗೆ ಹೋಗ್ಬೇಕು. ಬಟ್ಟೆ ಬಿಳುಪು ಮಾಡೋರು, ಸೋಪು, ಗಾಜು ತಯಾರಿಸೋರು ಸೋಡಾ, ಆಸಿಡ್ ಕೊಳ್ತಿದ್ರು. ಅದರಲ್ಲಿ ಅಸಲು ಎಷ್ಟು, ಕಲಬೆರಕೆ ಎಷ್ಟು? ಕಣ್ಣಿಗೆ ಕಾಣಲ್ಲ, ದುಡ್ಡು ಮಾತ್ರ ಹೋಗುತ್ತೆ. ಟೈಟ್ರೇಷನ್ ಬೆಳೆದದ್ದು ಇಂಥ ಫ್ಯಾಕ್ಟರಿ ಜಗಳಗಳಿಂದ. ಬ್ಯೂರೆಟ್, ಪಿಪೆಟ್ ಅನ್ನೋ ಹೆಸರುಗಳು ರೂಢಿಗೆ ಬಂದದ್ದು ಫ್ರಾನ್ಸಿನ ಗೇ-ಲುಸಾಕ್ 1824ರಲ್ಲಿ ಬರೆದ ಪ್ರಬಂಧದಿಂದ.

ಮುಂದೆ ಜರ್ಮನಿಯ ಕೋಬ್ಲೆನ್ಸ್ ಊರಿನ ಔಷಧ ತಯಾರಕ ಫ್ರೀಡ್ರಿಕ್ ಮೋರ್. ಹೌದು, ಲ್ಯಾಬ್‌ನಲ್ಲಿ ನಮ್ಮ ಜೀವ ತಿಂದ ಮೋರ್ಸ್ ಸಾಲ್ಟ್ ಅವರದ್ದೇ ಹೆಸರು! 1855ರ ಅವರ ಟೈಟ್ರೇಷನ್ ಪುಸ್ತಕ ನಾರ್ಮಲ್ ದ್ರಾವಣಗಳನ್ನ ಎಲ್ಲೆಡೆ ಹರಡಿತು. ಉಪಾಯ ಸರಳ: ಒಂದು ಲೀಟರಿಗೆ ಒಂದು ಈಕ್ವಿವಲೆಂಟ್. ಹಾಗೆ ಮಾಡಿದ್ರೆ ಯಾವ ಆಸಿಡ್ ಆಗಲಿ, ಯಾವ ಕ್ಷಾರ ಆಗಲಿ, ಎಂಎಲ್‌ಗೆ ಎಂಎಲ್ ಸರಿಹೋಗುತ್ತೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಆಗ ಪರಮಾಣು ತೂಕದ ಬಗ್ಗೆನೇ ಒಮ್ಮತ ಇರಲಿಲ್ಲ. ಆಮ್ಲಜನಕ 8 ಅಂತ ಕೆಲವರು, 16 ಅಂತ ಕೆಲವರು. ನೀರು ಎಚ್‌ಓನಾ, ಎಚ್‌2ಓನಾ ಅನ್ನೋದೂ ಇತ್ಯರ್ಥ ಆಗಿರಲಿಲ್ಲ. ಇದನ್ನ ಬಗೆಹರಿಸೋಕೇ 1860ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಸಮ್ಮೇಳನ ಸೇರಬೇಕಾಯ್ತು. ಆದರೆ 49 ಗ್ರಾಂ ಸಲ್ಫ್ಯೂರಿಕ್ ಆಸಿಡ್ 40 ಗ್ರಾಂ ಕಾಸ್ಟಿಕ್ ಸೋಡಾನ ತಟಸ್ಥ ಮಾಡುತ್ತೆ ಅನ್ನೋದನ್ನ ತಕ್ಕಡಿನೇ ಹೇಳುತ್ತೆ, ಫಾರ್ಮುಲಾ ಬೇಕಾಗಿಲ್ಲ. ನಮ್ಮ ಭಾಷೇಲಿ ಹೇಳೋದಾದ್ರೆ, ಒಳಗಿನ ಕೋಡ್ ಗೊತ್ತಿಲ್ಲದಿದ್ರೂ ಎಪಿಐ ಕೆಲಸ ಮಾಡ್ತಿತ್ತು.

ತೊಂದರೆನೂ ಅಲ್ಲೇ ಇದೆ. ಫಾಸ್ಫಾರಿಕ್ ಆಸಿಡ್ ತಗೊಳ್ಳಿ, ಮೋಲಾರ್ ತೂಕ 98. ಮೀಥೈಲ್ ಆರೆಂಜ್ ಹಾಕಿ ಟೈಟ್ರೇಟ್ ಮಾಡಿದ್ರೆ ಒಂದೇ ಹೈಡ್ರೋಜನ್ ಲೆಕ್ಕಕ್ಕೆ, ಈಕ್ವಿವಲೆಂಟ್ 98. ಫಿನಾಲ್ಫ್ತಲೀನ್ ಹಾಕಿದ್ರೆ ಎರಡು, ಆಗ 49. ಬಾಟಲಿ ಮೇಲೆ ಬರೀ '1 ನಾರ್ಮಲ್' ಅಂತಿದ್ರೆ ಒಳಗಿರೋದು 98 ಗ್ರಾಮಾ, 49ಾ? ಕ್ರಿಯೆ ಯಾವುದು ಅಂತ ಹೇಳದೆ ಉತ್ತರವೇ ಇಲ್ಲ. ಐಯುಪಿಎಸಿ ನಾರ್ಮಾಲಿಟಿ ಬೇಡ ಅನ್ನೋದು ಇದಕ್ಕೇ.

ಮಗಳಿಗೆ ಇಷ್ಟೂ ಹೇಳಿದೆ. "ಹಾಗಾದ್ರೆ ಸಲ್ಫ್ಯೂರಿಕ್‌ಗೂ ಕ್ರಿಯೆ ಕೇಳ್ಬೇಕಿತ್ತಲ್ವಾ? ನೀವು ಕೇಳ್ದೇನೇ 2.45 ಅಂದ್ರಲ್ಲ!" ಅಂದ್ಲು.