ಕ್ಯಾಂಪು ಎಂಬ ಊರು

ಕಚೇರಿಯ ಕಾಗದದಲ್ಲಿ ಹುಟ್ಟಿದ ಕೆಲವು ಪದಗಳು ಸಾಹೇಬರ ಬಾಯಿಂದ ಸಿಪಾಯಿಯ ಬಾಯಿಗೆ, ಅಲ್ಲಿಂದ ಅವನ ಅಡುಗೆಮನೆಗೆ, ಕೊನೆಗೆ ಮಕ್ಕಳ ಆಟಕ್ಕೆ ಇಳಿದುಬರುತ್ತವೆ. ಉತ್ತರ ಕನ್ನಡದ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳಲ್ಲಿ ‘ಕ್ಯಾಂಪು’ ಅಂಥದೊಂದು ಪದ. ನಿಘಂಟು ತೆರೆದರೆ ಶಿಬಿರ, ಬಿಡಾರ, ತಾತ್ಕಾಲಿಕ ವಸತಿ ಎಂಬ ಅರ್ಥಗಳು ಸಿಗುತ್ತವೆ. 1960 ಮತ್ತು 70ರ ದಶಕಗಳಲ್ಲಿ ಈ ಸೀಮೆಯಲ್ಲಿ ಬೆಳೆದವರನ್ನು ಕೇಳಿ ನೋಡಿ. ಕ್ಯಾಂಪು ಎಂದರೆ ಅವರಿಗೆ ಚಿಣಿಫಣಿ ಆಡಿದ ಬಯಲು, ಒಡೆದ ಪಾಟಿ, ಕಂದೀಲಿನ ಬೆಳಕಿನಲ್ಲಿ ಹೇಳಿದ ಮಗ್ಗಿ, ಸಂಜೆ ಯಾರದೋ ಮನೆಯ ರೇಡಿಯೊದಲ್ಲಿ ಕೇಳುತ್ತಿದ್ದ ಧಾರವಾಡ ಆಕಾಶವಾಣಿ. ಎರಡು ಮಳೆಗಾಲ ಬಾಳಿದರೆ ಹೆಚ್ಚು ಎಂದು ಕಟ್ಟಿದ ತಾವು ಅವರ ಪಾಲಿಗೆ ಹುಟ್ಟೂರಾಯಿತು.

ಪದ ಮೊದಲು ಬಂದದ್ದು ಸರ್ಕಾರದ ಜತೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮಾಮಲೇದಾರರು, ರೇಂಜರರು ಪ್ರವಾಸದಲ್ಲಿದ್ದಾಗ ಬರೆದ ಪತ್ರದ ತಲೆಯ ಮೇಲೆ ‘ಕ್ಯಾಂಪ್: ಹಳಿಯಾಳ’, ‘ಕ್ಯಾಂಪ್: ಸೂಪಾ’ ಎಂದಿರುತ್ತಿತ್ತು. ಕೆಲಸವಿದ್ದು ಕಚೇರಿಗೆ ಬಂದವನಿಗೆ ಸಿಗುತ್ತಿದ್ದ ಉತ್ತರ, “ಸಾಹೇಬರು ಕ್ಯಾಂಪಿನ್ಯಾಗ ಅದಾರ, ಸೋಮವಾರ ಬರ್ರಿ.” ಅರಣ್ಯ ಇಲಾಖೆಯ ಗಾರ್ಡಿನ ಮನೆಯಲ್ಲೂ ಅದೇ ಮಾತು. ಬಾಗಿಲಿಗೆ ಬಂದವರು “ಅಪ್ಪಾರು ಎಲ್ಲಿ, ತಂಗಿ?” ಎಂದರೆ ಹುಡುಗಿ “ಕ್ಯಾಂಪಿಗೆ ಹೋಗ್ಯಾರ್ರೀ” ಎನ್ನುತ್ತಿದ್ದಳು. ಅಪ್ಪ ಎಲ್ಲಿ ಮಲಗುತ್ತಾನೆ, ಏನು ಉಣ್ಣುತ್ತಾನೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಅವನು ತಿರುಗಿ ಬಂದಾಗ ಚೀಲದಲ್ಲಿ ಜೇನೋ, ಕವಳಿ ಹಣ್ಣೋ ಇರುತ್ತಿತ್ತು. ಆ ವಯಸ್ಸಿಗೆ ಕ್ಯಾಂಪು ಎಂದರೆ ಅಪ್ಪ ಹೋಗುವ, ಹಣ್ಣು ಬರುವ ಜಾಗ.

ಹೀಗೆ ಅಪ್ಪ ಒಬ್ಬನೇ ಹೋಗಿಬರುತ್ತಿದ್ದ ಕ್ಯಾಂಪಿಗೆ ಮಕ್ಕಳೂ ಹೋಗುವ ಕಾಲ ಬಂತು. ಅದನ್ನು ತಂದದ್ದು ಬಿದಿರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾದದ್ದು 1955ರಲ್ಲಿ. ದಾಂಡೇಲಿಯ ಕಾರ್ಖಾನೆಯಲ್ಲಿ ಕಾಗದ ತಯಾರಾಗತೊಡಗಿದ್ದು 1959ರಲ್ಲಿ. ಕಾಗದಕ್ಕೆ ಬೇಕಾದ ಬಿದಿರು ಸುತ್ತಲಿನ ಕಾಡಿನಲ್ಲಿತ್ತು. ಮಳೆ ನಿಂತ ಮೇಲೆ ಕಡಿಯುವವರ ಗುಂಪುಗಳು ಕುಟುಂಬ ಸಮೇತ ಒಳಗೆ ಹೋಗಿ, ಹಳ್ಳದ ದಂಡೆ ನೋಡಿ, ಬಿದಿರಿನಿಂದಲೇ ಜೋಪಡಿ ಕಟ್ಟಿಕೊಂಡು, ಮತ್ತೆ ಮಳೆ ಹಿಡಿಯುವವರೆಗೆ ಅಲ್ಲೇ ಇರುತ್ತಿದ್ದವು. ಗೋಡೆ ಬಿದಿರು, ಬಾಗಿಲು ಬಿದಿರು, ಮಗುವಿನ ತೊಟ್ಟಿಲು ಕಟ್ಟಿದ ಗಳವೂ ಬಿದಿರು. ಮಕ್ಕಳ ಆಟಿಕೆಯೂ ಬೇರೆಯಲ್ಲ. ಸಣ್ಣ ಬಿದಿರ ಕೊಳವೆಗೆ ಹಸಿ ಕಾಡುಕಾಯಿ ತುರುಕಿ ಕಡ್ಡಿಯಿಂದ ದೂಡಿದರೆ ‘ಟಪ್’ ಎಂದು ಸಿಡಿಯುವ ಪೆಟ್ಲು. ಗಣ್ಣಿನ ಮೇಲೆ ಕತ್ತರಿಸಿದರೆ ನೀರು ಕುಡಿಯುವ ಲೋಟ. ಇವರಿಗೆ ಹೊತ್ತು ಹೇಳಿದ್ದು ಲಾರಿ. ಬಿದಿರು ಹೇರಿಕೊಂಡ ಲಾರಿ ಹೊರಟರೆ ಮಧ್ಯಾಹ್ನ, ಖಾಲಿಯಾಗಿ ಮರಳಿದರೆ ರಾತ್ರಿ. ಶಾಲೆಯ ಹಾಜರಿ ಪುಸ್ತಕದಲ್ಲಿ ಈ ಮಕ್ಕಳ ಹೆಸರಿನ ಮುಂದೆ ಉದ್ದಕ್ಕೂ ಗೈರುಹಾಜರಿ. ಆ ಬಾಲ್ಯದಲ್ಲಿ ಆಟವಿದ್ದಷ್ಟೇ ಹಸಿವೂ ಮಲೇರಿಯಾ ಜ್ವರವೂ ಇದ್ದವು. ನೆನಪು ಸಿಹಿಯಾಗಿದೆ ಎಂದ ಮಾತ್ರಕ್ಕೆ ಅವನ್ನು ಮರೆಯಲಾಗದು.

ಕಾಡಿನ ಕ್ಯಾಂಪಿನ ಇನ್ನೊಂದು ತುದಿ ದಾಂಡೇಲಿ ಪೇಟೆ. ಕಾರ್ಖಾನೆಗೂ ಮುಂಚೆ ಅದು ಮರಮಟ್ಟಿನ ಊರು. ಅಳ್ನಾವರದಿಂದ ಅಲ್ಲಿಗೆ ರೈಲು ಹಾಕಿದ್ದೂ ಮರ ಸಾಗಿಸಲಿಕ್ಕೇ. ಕಾಗದ ಬಂದ ಮೇಲೆ ಕೇರಳ, ಆಂಧ್ರ, ತಮಿಳುನಾಡು, ರಾಜಸ್ಥಾನ, ಉತ್ತರ ಪ್ರದೇಶಗಳಿಂದ ಜನ ಬಂದಿಳಿದರು. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಂತೂ ಸರಿಯೇ. ದಾಂಡೇಲಿಯನ್ನು ‘ಮಿನಿ ಇಂಡಿಯಾ’ ಎಂದು ಇಂದಿಗೂ ಕರೆಯುವುದು ಅದಕ್ಕೇ. ಮೊದಲು ಬಂದವರಲ್ಲಿ ಹೆಚ್ಚಿನವರು ನಾಲ್ಕು ವರ್ಷ ದುಡಿದು ಊರಿಗೆ ಮರಳುವ ಲೆಕ್ಕದಲ್ಲಿದ್ದವರು. ಟ್ರಂಕು ಮಂಚದ ಕೆಳಗೇ ಇರುತ್ತಿತ್ತು. ಅಷ್ಟರಲ್ಲಿ ಮಕ್ಕಳು ಹುಟ್ಟಿದರು. ಪಕ್ಕದ ಮನೆಯ ಮಲಯಾಳಿ ಹುಡುಗ ಧಾರವಾಡದ ಧಾಟಿಯ ಕನ್ನಡ ಕಲಿತ, ಕನ್ನಡದ ಹುಡುಗಿ ಹಿಂದಿಯಲ್ಲಿ ಜಗಳ ಕಲಿತಳು, ಗೋಲಿ ಆಟದ ನಿಯಮಗಳು ಐದು ಭಾಷೆಗಳಲ್ಲಿ ಬೆರೆತವು. ದೊಡ್ಡವರ ಪಾಳಿಯನ್ನು ಕೂಗಿ ಹೇಳುವ ಭೋಂಗಾ ಮಕ್ಕಳಿಗೂ ಗಡಿಯಾರವಾಯಿತು. ಭೋಂಗಾ ಆದರೆ ಆಟ ಬಿಟ್ಟು ಮನೆಗೆ ಓಡಬೇಕು. ಮರಳಿ ಹೋಗಬೇಕಾದ ಊರು ಬೇಸಿಗೆ ರಜೆಯಲ್ಲಿ ಅಜ್ಜಿಯನ್ನು ನೋಡಿಬರುವ ಊರಾಗಿ ಉಳಿಯಿತು.

ಹೀಗೆ ತಂಗಲು ಬಂದವರು ನೆಲೆ ನಿಂತ ಪಕ್ಕದಲ್ಲೇ ನೆಲೆ ನಿಂತವರು ಎದ್ದುಹೋಗಬೇಕಾಯಿತು. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿ, ತಾಲ್ಲೂಕಿಗೇ ತನ್ನ ಹೆಸರು ಕೊಟ್ಟ ಸೂಪಾ ಎಂಬ ಊರಿತ್ತು. ಕಾಳಿ ಜಲವಿದ್ಯುತ್ ಯೋಜನೆಗಾಗಿ ಅಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಸೂಪಾ ಮುಳುಗಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಮನೆ ಹೊಲ ಕಳೆದುಕೊಂಡ ಅನೇಕರು ರಾಮನಗರದಲ್ಲಿ ಹೊಸದಾಗಿ ಬದುಕು ಹೂಡಿದರು. ಇತ್ತ ಅಣೆಕಟ್ಟು ಕಟ್ಟಲು ಬಂದವರಿಗಾಗಿ ಗಣೇಶಗುಡಿಯಲ್ಲಿ ಸಾಲುಮನೆಗಳೆದ್ದವು. ನಾಗಝರಿ ವಿದ್ಯುದಾಗಾರಕ್ಕಾಗಿ ಅಂಬಿಕಾನಗರ ಹುಟ್ಟಿತು. ತಲೆತಲಾಂತರದ ಊರು ನೀರಿನಡಿಗೆ ಹೋಗಿ, ಕೆಲಸ ಮುಗಿಯುವವರೆಗೆ ಎಂದು ಎಬ್ಬಿಸಿದ ವಸತಿಗಳು ನಕಾಶೆಯಲ್ಲಿ ಉಳಿದವು. ಕ್ಯಾಂಪು ಎಂಬ ಪದದ ಬಗ್ಗೆ ಯೋಚಿಸುವಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸುವುದು ಇದೇ. ಯಾವುದು ಶಾಶ್ವತ, ಯಾವುದು ತಾತ್ಕಾಲಿಕ ಎಂಬುದನ್ನು ಇಲ್ಲಿ ಪದಗಳು ತೀರ್ಮಾನಿಸಲಿಲ್ಲ, ಯೋಜನೆಗಳು ತೀರ್ಮಾನಿಸಿದವು. ಯೋಜನೆಯ ವಸತಿಯಲ್ಲಿ ಬೆಳೆದ ಮಕ್ಕಳಿಗೂ ಅವರ ಪಾಲಿನ ಅಗಲಿಕೆ ತಪ್ಪಲಿಲ್ಲ. ಕಾಮಗಾರಿ ಮುಗಿಯುತ್ತಿದ್ದಂತೆ ಒಬ್ಬೊಬ್ಬರ ಅಪ್ಪನಿಗೂ ವರ್ಗಾವಣೆ. ಯಾರೋ ಕದ್ರಾ ಅಣೆಕಟ್ಟಿಗೆ, ಯಾರೋ ಕೊಡಸಳ್ಳಿಯದಕ್ಕೆ. ಇಂದು ಲಗೋರಿ ಆಡಿದ ಗೆಳೆಯ ನಾಳೆ ಲಾರಿಯ ಹಿಂದೆ ಪಾತ್ರೆಪಗಡಿಗಳ ನಡುವೆ ಕೂತು ಕೈಬೀಸುತ್ತಿದ್ದ.

ಈ ಕಾಡಿನಲ್ಲಿ ಮೊದಲೇ ಇದ್ದ ಕುಣಬಿ, ಸಿದ್ದಿ, ಗೌಳಿ ಸಮುದಾಯಗಳ ಮಕ್ಕಳಿಗೆ ಪದ ತಿರುಗುಮುರುಗಾಗಿ ಕೇಳಿಸಿರಬೇಕು. ಅವರು ಕ್ಯಾಂಪಿಗೆ ಬಂದವರಲ್ಲ. ಕ್ಯಾಂಪೇ ಅವರ ಅಂಗಳಕ್ಕೆ ಬಂತು. ಅವರ ಅಪ್ಪ ಅಮ್ಮಂದಿರು ಅಲ್ಲಿ ಕೂಲಿಗೆ ಹೋದರು, ಹಾಲು, ಗೆಡ್ಡೆಗೆಣಸು, ಜೇನು ಮಾರಿದರು. ಜೋಯಿಡಾದ ಕುಣಬಿಗಳು ಇಂದು ತಮ್ಮ ಗೆಡ್ಡೆಗೆಣಸುಗಳ ಮೇಳ ನಡೆಸುತ್ತಾರೆ. ಆ ಮೇಳದಲ್ಲಿ ರಾಶಿ ಹಾಕಿದ ಮುಡ್ಲಿ ಗೆಡ್ಡೆಯನ್ನು ನೋಡುವಾಗ, ಹಿಂದೊಮ್ಮೆ ಅದನ್ನೇ ಬುಟ್ಟಿಯಲ್ಲಿ ಹೊತ್ತು ವಸತಿಯ ಮನೆಮನೆಗೆ ನಡೆದ ಹುಡುಗಿಯರ ನೆನಪನ್ನೂ ಯಾರಾದರೂ ಕೇಳಬೇಕು ಅನ್ನಿಸುತ್ತದೆ.

ಮುಂಡಗೋಡಕ್ಕೆ ಬಂದರೆ ಪದಕ್ಕೆ ನಂಬರು ಹತ್ತುತ್ತದೆ. 1959ರಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಟಿಬೆಟಿಯನ್ನರು ಬಂದರು. ಮೈಸೂರು ರಾಜ್ಯ ಮೊದಲು ಬೈಲಕುಪ್ಪೆಯಲ್ಲಿ, ಆಮೇಲೆ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದಲ್ಲಿ ಅವರಿಗೆ ನೆಲೆ ಕೊಟ್ಟಿತು. ಕಾಡು ಕಡಿದು, ಟೆಂಟು ಹೊಡೆದು, ಗೋವಿನಜೋಳ ಬಿತ್ತಿ ಶುರುವಾದ ವಸತಿಗಳಿಗೆ ಒಂದನೇ ಕ್ಯಾಂಪು, ಎರಡನೇ ಕ್ಯಾಂಪು ಎಂದು ಎಣಿಸುತ್ತ ಒಂಬತ್ತರವರೆಗೆ ಹೆಸರಾಯಿತು. 1969ರಲ್ಲಿ ಬಂಗಾಳದ ಬಕ್ಸಾದಿಂದ ಭಿಕ್ಷುಗಳು ಬಂದ ಮೇಲೆ ಗಾಡೆನ್ ಮತ್ತು ಡ್ರೆಪುಂಗ್ ಮಠಗಳ ಎರಡು ಲಾಮಾ ಕ್ಯಾಂಪುಗಳು ಸೇರಿದವು. ಹಿಮದ ನಾಡಿನವರಿಗೆ ಇಲ್ಲಿಯ ಸೆಕೆ, ನಮ್ಮ ಮಳೆ, ಸೊಳ್ಳೆ ಎಲ್ಲವೂ ಹೊಸದು. ಆದರೆ ಮಕ್ಕಳು ಬೇಗ ಕಲಿತರು. ಸಂತೆಯಲ್ಲಿ ತಾಯಂದಿರ ಪರವಾಗಿ “ಎಷ್ಟ್ರೀ? ಕಡಿಮಿ ಮಾಡ್ರೀ” ಎಂದು ಚೌಕಾಸಿ ಮಾಡಿದವರು ಆ ಪುಟ್ಟ ಟಿಬೆಟಿಯನ್ನರೇ. ಚಳಿಗಾಲ ಬಂತೆಂದರೆ ಹಿರಿಯರು ಸ್ವೆಟರಿನ ಗಂಟು ಹೊತ್ತು ದೂರದ ಪೇಟೆಗಳಿಗೆ ಹೊರಟುಬಿಡುತ್ತಿದ್ದರು. ಮಕ್ಕಳು ಅಜ್ಜಿಯರ ಬಳಿ, ಕ್ಯಾಂಪಿನಲ್ಲಿ. ಇಂದು ಅಲ್ಲಿ ಮೂರನೆಯ ತಲೆಮಾರು ಬೆಳೆದಿದೆ. ಕಾಂಕ್ರೀಟಿನ ಮನೆ, ಆಸ್ಪತ್ರೆ, ಬಂಗಾರದ ಕಳಸದ ಪ್ರಾರ್ಥನಾ ಮಂದಿರಗಳು ಎದ್ದಿವೆ. ಲಕೋಟೆಯ ಮೇಲಿನ ವಿಳಾಸ ಮಾತ್ರ ಕ್ಯಾಂಪ್ ನಂಬರಿನಲ್ಲೇ ಇದೆ. ಅವರಿಗೆ ಆ ಪದ ಬಿಟ್ಟುಕೊಡುವುದು ಸುಲಭವಲ್ಲ. ಅದರಲ್ಲಿ ಒಂದು ದಿನ ಮರಳುತ್ತೇವೆ ಎಂಬ ಹಿರಿಯರ ಮಾತು ಇನ್ನೂ ಜೀವಂತವಾಗಿದೆ.

ಪದದ ಬೇರು ಹುಡುಕಿದರೆ ಅದು ಲ್ಯಾಟಿನ್ನಿನ ‘ಕಾಂಪಸ್’ಗೆ ಹೋಗುತ್ತದೆ, ಅರ್ಥ, ಬಯಲು. ಕಾಲೇಜಿನ ಕ್ಯಾಂಪಸ್ಸೂ ಅದರ ತಂಗಿಯೇ. ಬಯಲು ಎಂಬ ಪದ ನಮ್ಮ ದಟ್ಟ ಕಾಡಿಗೆ ಬಂದು, ಮರ ಕಡಿದು ಮಾಡಿದ ಸಣ್ಣ ಬಯಲಿಗೆ ಹೆಸರಾಯಿತು. ಆದರೆ ತಂಗುವ ಜಾಗ ಊರಾಗುವ ಕಥೆ ಕನ್ನಡಕ್ಕೆ ಹೊಸದಲ್ಲ. ಬೀಡು ಎಂದರೆ ದಂಡು ಬಿಡಾರ ಬಿಟ್ಟ ತಾವು. ಶಾಸನಗಳ ಕಾಲಕ್ಕೇ ಅದು ‘ನೆಲೆವೀಡು’ ಆಗಿ ಅರಸರ ರಾಜಧಾನಿಗೆ ನಿಂತಿತು, ಇಂದು ನಾಡನ್ನೇ ಬೀಡು ಎನ್ನುತ್ತೇವೆ. ಸೈನ್ಯದ ಪಾಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಪಾಳ್ಯವಾಗಿ ನೆಲೆಸಿದೆ. ಅರಬ್ಬಿಯಿಂದ ಬಂದ ‘ಮುಕ್ಕಾಂ’ ನಿಲ್ಲುವ ಜಾಗವನ್ನು ಹೇಳುತ್ತಿತ್ತು. ಅದೇ ಪದ ನಮ್ಮ ಕಡೆಯ ಕಾಗದಗಳಲ್ಲಿ ‘ಮು. ಪೋ.’ ಆಗಿ, ಮನುಷ್ಯನ ಕಾಯಂ ವಿಳಾಸವಾಯಿತು. ಕ್ಯಾಂಪು ಇವುಗಳ ಸಾಲಿಗೆ ಸೇರಿದ ಇತ್ತೀಚಿನ ಪದ. ಬೆಳಗಾವಿಯಲ್ಲಿ ಅದು ದಂಡಿನ ಬಡಾವಣೆ. ತುಂಗಭದ್ರಾ ಕಾಲುವೆಯ ಸೀಮೆಯಲ್ಲಿ ಆಂಧ್ರದಿಂದ ಬಂದ ರೈತರ ಹಳ್ಳಿ.

ಅದಕ್ಕೆ ಇನ್ನೂ ಸಣ್ಣ ಸಣ್ಣ ಬಾಳುಗಳಿವೆ. ಅಜ್ಜನ ಪೊರೆ ತೆಗೆಸಿದ ಕಣ್ಣಿನ ಕ್ಯಾಂಪು. ಕಾಲೇಜಿನವರು ಹಳ್ಳಿಗೆ ಬಂದು ರಸ್ತೆ ಮಾಡಿದ ಎನ್‌ಎಸ್‌ಎಸ್ ಕ್ಯಾಂಪು. ಜಾತ್ರೆಯ ಹೊತ್ತಿಗೆ ತಗಡಿನ ಥಿಯೇಟರು ಎಬ್ಬಿಸಿ ನಿಲ್ಲುವ ನಾಟಕ ಕಂಪನಿಯ ಕ್ಯಾಂಪು. ಎಂಟು ದಿನವಾದರೂ ಹೊರಡದ ನೆಂಟನ ಬಗ್ಗೆ “ಇಲ್ಲೇ ಕ್ಯಾಂಪ್ ಹಾಕ್ಯಾನ” ಎಂಬ ಒಳಮನೆಯ ಪಿಸುಮಾತು. ಈಗ ಅದೇ ಪದ ರಜೆಯ ಪದವಾಗಿದೆ. ಕುಳಗಿಯಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವಿದೆ, ದಾಂಡೇಲಿಯಲ್ಲಿ ಜಂಗಲ್ ಲಾಡ್ಜಸ್‌ನ ಕಾಳಿ ಅಡ್ವೆಂಚರ್ ಕ್ಯಾಂಪ್ ಇದೆ, ಗಣೇಶಗುಡಿಯಲ್ಲಿ ರಾಫ್ಟಿಂಗಿಗೆ ಸಾಲು ನಿಲ್ಲುವವರಿದ್ದಾರೆ. ಅಮೆರಿಕದಲ್ಲಿ ಐವತ್ತು ಅರವತ್ತರ ದಶಕದ ಬಾಲ್ಯ ಬರೆಯುವವರು ಬೇಸಿಗೆ ಕ್ಯಾಂಪನ್ನು ಪ್ರೀತಿಯಿಂದ ನೆನೆಯುತ್ತಾರೆ. ಅಲ್ಲಿ ಮಕ್ಕಳು ಮನೆ ಬಿಟ್ಟು ಕೆಲವು ವಾರ ಕ್ಯಾಂಪಿಗೆ ಹೋಗಿ ಮರಳುತ್ತಿದ್ದರು. ಇಂದು ಬೆಂಗಳೂರು, ಹುಬ್ಬಳ್ಳಿಗಳಿಂದ ಬರುವ ಮಕ್ಕಳೂ ಹಾಗೆಯೇ. ಅವರು ನಕ್ಕು ಕುಣಿದು ಹೋಗಲಿ, ಸಂತೋಷ. ತಾವು ಟೆಂಟು ಹಾಕಿದ ಕಾಳಿಯ ದಂಡೆಯಲ್ಲಿ ಅದೇ ಪದವನ್ನು ಮನೆ ಎಂಬ ಅರ್ಥದಲ್ಲಿ ಬಳಸಿದ ಮಕ್ಕಳಿದ್ದರು ಎಂಬುದನ್ನು ಯಾರಾದರೂ ಅವರಿಗೆ ಹೇಳಿದರೆ ಆ ರಜೆಗೆ ಇನ್ನಷ್ಟು ಅರ್ಥ ಬರುತ್ತದೆ.

ಯಾಕೆಂದರೆ ಆ ಮಕ್ಕಳೇ ಅದನ್ನು ಹೇಳಿಕೊಳ್ಳುತ್ತಿಲ್ಲ. ಕ್ಯಾಂಪಿನಲ್ಲಿ ಬೆಳೆದವರನ್ನು “ನಿಮ್ಮೂರು ಯಾವುದು?” ಎಂದು ಕೇಳಿದರೆ ಒಂದು ಕ್ಷಣ ತಡವರಿಸಿ, ಅಪ್ಪನ ಊರಿನ ಹೆಸರು ಹೇಳುತ್ತಾರೆ; ತಾವು ನಾಲ್ಕು ದಿನವೂ ಬಾಳದ ಊರನ್ನು. ಊರೆಂದರೆ ಗ್ರಾಮದೇವತೆ, ಹೊಲ, ಮನೆತನ ಇರಬೇಕು ಎಂಬ ನಂಬಿಕೆ ನಮ್ಮದು. ಅದರಿಂದಾಗಿ ಬಿದಿರು ಕಡಿದ, ಕಾಗದ ಮಾಡಿದ, ಅಣೆಕಟ್ಟು ಕಟ್ಟಿದ ಜನರ ಮಕ್ಕಳು ತಮ್ಮ ಬಾಲ್ಯವನ್ನು ಊರಿಲ್ಲದ ಬಾಲ್ಯವೆಂದುಕೊಂಡಿದ್ದಾರೆ. ಜಿಲ್ಲೆಯ ಚರಿತ್ರೆಯಲ್ಲಿ ಸೋಂದೆಯ ಅರಸರಿದ್ದಾರೆ, ಬನವಾಸಿಯ ಕದಂಬರಿದ್ದಾರೆ, ಕಾರ್ಖಾನೆಯ ಉತ್ಪಾದನೆಯ ಟನ್ನುಗಳೂ ವಿದ್ಯುತ್ತಿನ ಮೆಗಾವಾಟುಗಳೂ ಇವೆ. ಆ ಕಾಗದವನ್ನೂ ಬೆಳಕನ್ನೂ ನಮಗೆ ಕೊಟ್ಟವರ ಮಕ್ಕಳು ಏನು ಆಡಿದರು, ಯಾವ ಭಾಷೆಯಲ್ಲಿ ಅತ್ತರು ಎಂಬುದಿಲ್ಲ.

1966ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತರ ಆಜುಬಾಜು. ಕೇಳಿ ಬರೆದುಕೊಳ್ಳುವುದಕ್ಕೆ ಹೆಚ್ಚು ಸಮಯ ಉಳಿದಿಲ್ಲ. ಈ ನಾಲ್ಕು ತಾಲ್ಲೂಕುಗಳ ಶಾಲೆ ಕಾಲೇಜುಗಳ ಮೇಷ್ಟ್ರುಗಳು ತಮ್ಮ ವಿದ್ಯಾರ್ಥಿಗಳನ್ನು ಅವರ ಅಜ್ಜ ಅಜ್ಜಿಯರ ಬಳಿಗೇ ಕಳಿಸಲಿ. ಯಾವ ಕ್ಯಾಂಪು, ಯಾವ ಹಳ್ಳದ ನೀರು, ಯಾವ ಆಟ, ಜ್ವರ ಬಂದಾಗ ಯಾರು ಔಷಧ ಕೊಟ್ಟರು, ಪಕ್ಕದ ಜೋಪಡಿಯವರ ಯಾವ ಮಾತನ್ನು ಕಲಿತಿರಿ ಎಂದು ಅವರು ಕೇಳಲಿ. ದಾಂಡೇಲಿಯ ಸಾಲುಮನೆಯವರನ್ನೂ ರಾಮನಗರಕ್ಕೆ ಬಂದ ಸೂಪಾದವರನ್ನೂ ಮುಂಡಗೋಡದ ಟಿಬೆಟಿಯನ್ನರನ್ನೂ ಜೋಯಿಡಾದ ಕುಣಬಿಗಳನ್ನೂ ಒಂದೇ ಪುಸ್ತಕದಲ್ಲಿ ಕೂರಿಸಬೇಕು. ಬೀಡು, ಪಾಳ್ಯ, ಮುಕ್ಕಾಂಗಳನ್ನು ಊರೆಂದು ಒಪ್ಪಿಕೊಂಡ ಕನ್ನಡ ಕ್ಯಾಂಪನ್ನೂ ಒಪ್ಪಿಕೊಳ್ಳುತ್ತದೆ. ಅಲ್ಲಿ ಬೆಳೆದವರು ನಿಮ್ಮೂರು ಯಾವುದೆಂದು ಕೇಳಿದವರಿಗೆ ತಡವರಿಸದೆ ಅದರ ಹೆಸರು ಹೇಳಬೇಕು, ಅಷ್ಟೇ.